ಒಂದೇ ಥಾನಿನ ಐದು ಡಿಸ್ಕು

ಬೀದಿಯವರೆಲ್ಲ ಅವರನ್ನು ಎರಡಳತೆ ಮಾಸ್ತರು ಎಂದೇ ಕರೆಯುತ್ತಿದ್ದರು. ಅಂಗಿ ಹೊಲಿಸಲು ಹೋದವರ ಭುಜ, ಎದೆ, ಸೊಂಟವನ್ನು ಅಳೆದು ಬರೆದುಕೊಂಡ ಮೇಲೆ, ಬರೆದದ್ದನ್ನು ಮುಚ್ಚಿಟ್ಟು ಇನ್ನೊಮ್ಮೆ ಅಳೆಯುತ್ತಿದ್ದರು. ಎರಡೂ ತಾಳೆಯಾದರೆ ಮಾತ್ರ ಕತ್ತರಿಗೆ ಕೈ. ಅವಸರದ ಗಿರಾಕಿಗಳು ಗೊಣಗುತ್ತಿದ್ದರು. ಗೊಣಗಿದವರೇ ಮುಂದಿನ ಅಂಗಿಗೂ ಅಲ್ಲಿಗೇ ಬರುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ತನ್ನ ಕೈಯಲ್ಲಿ ಒಂದು ತೋಳೂ ಗಿಡ್ಡವಾಗಿಲ್ಲ ಎಂದು ಅವರು ಹೇಳಿಕೊಳ್ಳುತ್ತಿದ್ದದ್ದು ಜಂಬವೇ ಹೌದು, ಆದರೆ ಸುಳ್ಳಲ್ಲ. ಅಂಥ ಮನುಷ್ಯ ಒಂದೇ ಒಂದು ಸಲ ಲೆಕ್ಕ ತಪ್ಪಿದರು, ಅದೂ ಬಟ್ಟೆಯಲ್ಲಲ್ಲ.

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರೂ ಅವರ ಅಕ್ಕನೂ ಇದ್ದರು. ಮಾಸ್ತರು ಮದುವೆಯಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಟ್ರಂಕು ಎತ್ತಿಕೊಂಡು ಬಂದ ಅಕ್ಕ ಮತ್ತೆ ಎಲ್ಲಿಗೂ ಹೋಗಲಿಲ್ಲ. ತಾಯಿ ಬೇಗ ಹೋಗಿದ್ದರಿಂದ ತಮ್ಮನನ್ನು ಬೆಳೆಸಿದವಳೂ ಅವಳೇ. ಎತ್ತಿ ಆಡಿಸಿ ಅಲ್ಲ, ಬೈದು ಬೈದು. ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತ ಅವಳ ಗಂಟಲು ಎಂಥದೆಂದರೆ, ಅರ್ಧ ವಿಳಾಸ ಬರೆದು ತಂದವನಿಗೆ ಅವಳು ಹೇಳುತ್ತಿದ್ದ ಬುದ್ಧಿ ಎದುರು ಸಾಲಿನ ಅಂಗಡಿಗಳಿಗೂ ಸಿಗುತ್ತಿತ್ತು.

ಆ ಗಂಟಲಿಗೇ ರೋಗ ಬಂತು. ನರಗಳದ್ದು, ಮದ್ದಿಲ್ಲದ್ದು. ವರ್ಷದೊಳಗೆ ಮಾತು ನಿಲ್ಲುತ್ತದೆ ಎಂದ ಡಾಕ್ಟರು ಒಂದು ದಾರಿಯನ್ನೂ ತೋರಿಸಿದರು. ದನಿ ನೆಟ್ಟಗಿರುವಾಗಲೇ ಸಾವಿರದ ಆರುನೂರು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಟ್ಟರೆ, ಮುಂದೆ ಅವಳು ಟೈಪ್ ಮಾಡಿದ್ದನ್ನು ಅವಳದೇ ದನಿಯಲ್ಲಿ ಆಡುವ ಯಂತ್ರವನ್ನು ಆಸ್ಪತ್ರೆಯವರು ಮಾಡಿಸಿಕೊಡುತ್ತಾರೆ. ತೀರಾ ಕಡಿಮೆ ಎಂದರೂ ಸಾವಿರ ವಾಕ್ಯ ಬೇಕು, ಅದಕ್ಕಿಂತ ಕೆಳಗಾದರೆ ಆಗದು.

ಓದಲು ಸದ್ದಿಲ್ಲದ ಜಾಗ ಬೇಕಲ್ಲ. ಮಾಸ್ತರ ಅಂಗಡಿಯ ಟ್ರಯಲ್ ರೂಮಿಗಿಂತ ಒಳ್ಳೆಯ ಜಾಗ ಇಡೀ ಊರಲ್ಲಿ ಇರಲಿಲ್ಲ. ಮೂರು ಗೋಡೆಗೂ ಕೋಟುಗಳನ್ನು ತೂಗುಹಾಕಿ, ನಾಲ್ಕನೆಯ ಕಡೆ ದಪ್ಪ ಪರದೆ ಎಳೆದರೆ ಬೀದಿಯ ಹಾರ್ನು ಕೂಡ ಒಳಗೆ ಬರುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಅಕ್ಕ ದಿನಕ್ಕೆ ಎಂಟೇ ವಾಕ್ಯ ಓದುತ್ತಿದ್ದಳು. ಒಂಬತ್ತನೆಯದಕ್ಕೆ ಉಸಿರು ಸಾಲುತ್ತಿರಲಿಲ್ಲ. ‘ನನಗೆ ನೀರು ಬೇಕು’, ‘ದಿಂಬು ಸ್ವಲ್ಪ ಮೇಲೆ ಮಾಡಿ’ ಎಂಬಂಥ ವಾಕ್ಯಗಳು. ಇದನ್ನು ಬರೆದವನಿಗೆ ಮನೆಯೇ ಇಲ್ಲವೇನೋ, ಇಷ್ಟು ಮರ್ಯಾದೆಯಿಂದ ಮನೆಯಲ್ಲಿ ಯಾರು ಮಾತಾಡುತ್ತಾರೆ ಎಂದು ಅವಳು ಅದಕ್ಕೂ ಬೈದಳು. ಏಳು ತಿಂಗಳಿಗೆ ಪಟ್ಟಿ ಮುಗಿಯಿತು. ಅಷ್ಟರಲ್ಲಿ ದನಿ ಎಳೆಯತೊಡಗಿತ್ತು. ಆದರೂ ಎಂಟನೆಯ ತಿಂಗಳು ಪೂರ್ತಿ ಅವಳು ದಿನಾ ಅರ್ಧ ಗಂಟೆ ಪರದೆಯೊಳಗೆ ಹೋಗಿ ಕೂತಳು, ತಮ್ಮನನ್ನು ಹೊರಗೆ ಕಳಿಸಿ. ಆ ತಿಂಗಳಿನದು ತನಗಾಗಿ ಎಂದು ಮಾಸ್ತರಿಗೆ ಹೇಳದೆಯೇ ಗೊತ್ತಿತ್ತು. ತೆಗೆದು ಕೇಳುವ ಧೈರ್ಯ ಮಾತ್ರ ಆಗಿರಲಿಲ್ಲ. ಅದು ಮುಗಿದ ವಾರಕ್ಕೆ ಅಕ್ಕನ ಬಾಯಿಂದ ಬರೀ ಸ್ವರ ಬಂತೇ ಹೊರತು ಮಾತು ಬರಲಿಲ್ಲ. ಅವಳ ಕೈಗೆ ಸ್ಲೇಟು ಬಂತು.

ಇದನ್ನೆಲ್ಲ ಇಡುವುದೆಲ್ಲಿ? ಇಂಟರ್ನೆಟ್ಟಿನಲ್ಲಿ ಇಡೋಣ ಎಂದರೆ, ಯಾರ ಕೈ ಸೇರುತ್ತದೋ ತಿಳಿಯದ ಕಾಗದವನ್ನು ನಾನು ಡಬ್ಬಕ್ಕೆ ಹಾಕುವವಳಲ್ಲ ಎಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದಳು. ಹಾಗಾಗಿ ಓದು ಶುರುವಾಗುವ ಮುಂಚೆಯೇ ಮಾಸ್ತರು ಮನೆಯಲ್ಲೇ ಒಂದು ಸರ್ವರ್ ಇಟ್ಟಿದ್ದರು. ನಾಲ್ಕು ಹಾರ್ಡ್ ಡಿಸ್ಕ್ ಹಿಡಿಸುವ ಕಪ್ಪು ಪೆಟ್ಟಿಗೆ. ನಾಲ್ಕರಲ್ಲಿ ಒಂದು ಕೆಟ್ಟರೆ ಉಳಿದ ಮೂರರಿಂದ ಎಲ್ಲವನ್ನೂ ಮತ್ತೆ ಕಟ್ಟಿಕೊಳ್ಳಬಹುದು. ಎರಡು ಕೆಟ್ಟರೆ ಎಲ್ಲವೂ ಹೋದಂತೆಯೇ. ತಮ್ಮ ಮೂವತ್ತೊಂದು ವರ್ಷದ ಕಟಿಂಗ್ ನಕ್ಷೆಗಳನ್ನೂ ಅವರು ಅದರಲ್ಲೇ ತುಂಬಿದರು.

ಡಿಸ್ಕ್ ಆರಿಸಲು ಅವರು ತಗೊಂಡದ್ದು ಒಂದು ತಿಂಗಳು. ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ಡಿಸ್ಕುಗಳಿಗೂ ಒಂದೊಂದು ಪುಟ. ಹಗಲೂ ರಾತ್ರಿ ತಿರುಗಲು ಮಾಡಿದ್ದೋ ಅಲ್ಲವೋ, ಗ್ಯಾರಂಟಿ ಎಷ್ಟು ವರ್ಷ, ಎಷ್ಟು ಬಿಸಿಯಾಗುತ್ತದೆ, ನೂರರಲ್ಲಿ ಎಷ್ಟು ಮೊದಲ ವರ್ಷವೇ ಕೈಕೊಡುತ್ತವೆ, ಎಲ್ಲವನ್ನೂ ಬರೆದರು, ಮುಚ್ಚಿಟ್ಟು ಮತ್ತೆ ಬರೆದರು. ಕೊನೆಗೆ ಒಳ್ಳೆಯದನ್ನೇ ಆರಿಸಿದರು, ಅದರಲ್ಲಿ ತಪ್ಪು ಹುಡುಕಲಾಗದು. ಕಂಪ್ಯೂಟರ್ ಅಂಗಡಿಯ ಮೇಡಂ ಮಾತ್ರ, ಎರಡು ಈ ಕಂಪನಿಯದು ಎರಡು ಆ ಕಂಪನಿಯದು ತಗೊಳ್ಳಿ, ಒಂದೇ ದಿನ ಹುಟ್ಟಿದವು ಒಟ್ಟಿಗೇ ಹೋಗುವುದುಂಟು ಎಂದು ಹೇಳಿನೋಡಿದರು. ಮಾಸ್ತರಿಗೆ ನಗು ಬಂತು.

“ಮೇಡಂ, ಒಂದು ತೋಳು ಈ ಬಟ್ಟೆ ಥಾನಿಂದ, ಇನ್ನೊಂದು ತೋಳು ಆ ಥಾನಿಂದ ಕತ್ತರಿಸಿದ್ರೆ ಗಿರಾಕಿ ಅಂಗಿನ ನನ್ನ ಮುಖಕ್ಕೇ ಎಸೀತಾನೆ. ಒಂದು ಅಂಗಿಗೆ ಒಂದೇ ಥಾನು. ಇದು ನಮ್ಮ ಕಸುಬಿನ ಮೊದಲನೇ ಪಾಠ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ವಾದ ಮಾಡಿ ಫಲವೇನು? ಮೇಡಂ ಬಿಲ್ಲು ಬರೆದರು. ಮಾಸ್ತರು ಒಂದೇ ಡಬ್ಬದಿಂದ, ನಂಬರು ಒಂದರ ಹಿಂದೊಂದು ಇರುವ ಐದು ಡಿಸ್ಕು ತಂದರು. ನಾಲ್ಕು ಪೆಟ್ಟಿಗೆಯೊಳಗೆ, ಒಂದು ಕಪಾಟಿನಲ್ಲಿ. ಕೋಟಿನ ಜೊತೆ ತೇಪೆಗೆಂದು ಅದೇ ಥಾನಿನ ತುಂಡು ಕೊಡುತ್ತಾರಲ್ಲ, ಹಾಗೆ. ಪೆಟ್ಟಿಗೆಯ ಮೇಲೆ ಎಷ್ಟು ನಂಬಿಕೆಯೆಂದರೆ, ಪ್ರತಿ ವಾರ ರೆಕಾರ್ಡರಿನ ಕಾರ್ಡನ್ನು ಅದಕ್ಕೆ ಇಳಿಸಿದ ಕೂಡಲೇ ಕಾರ್ಡನ್ನು ಅಳಿಸಿಬಿಡುತ್ತಿದ್ದರು. ಎರಡು ಸಲ ಅಳೆಯುವ ಮನುಷ್ಯನಿಗೆ ಎರಡು ಕಡೆ ಇಡಬೇಕೆಂದು ಹೊಳೆಯಲಿಲ್ಲ. ನಾಲ್ಕು ಡಿಸ್ಕ್ ಇದ್ದರೂ ಪೆಟ್ಟಿಗೆ ಒಂದೇ ಎಂಬುದನ್ನು ಅವರ ಬುದ್ಧಿ ಯಾಕೋ ಎಣಿಸಲೇ ಇಲ್ಲ.

ಗುರುವಾರ ಆಸ್ಪತ್ರೆಯವರು ಬಂದು ವಾಕ್ಯಗಳನ್ನು ತೆಗೆದುಕೊಂಡು ಹೋಗುವುದಿತ್ತು. ಭಾನುವಾರ ಬೆಳಿಗ್ಗೆ ಮಾಸ್ತರು ಮೇಲಿನ ಕೋಣೆಯಲ್ಲಿ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಾಗ ಪೆಟ್ಟಿಗೆ ಕೀಂ ಎಂದಿತು. ಮೂರನೆಯ ಡಿಸ್ಕಿನ ದೀಪ ಕೆಂಪಾಗಿತ್ತು. ಅವರು ಗಾಬರಿಯಾಗಲಿಲ್ಲ, ಸ್ವಲ್ಪ ಹೆಮ್ಮೆಯೇ ಆಯಿತು ಅನ್ನಬೇಕು. ಇಂಥ ದಿನಕ್ಕೆಂದೇ ಐದನೆಯದು ಕಪಾಟಿನಲ್ಲಿದೆಯಲ್ಲ. ಅದನ್ನು ಕವರಿನಿಂದ ತೆಗೆದು ಕೈಯಲ್ಲಿ ಹಿಡಿದ ಮೇಲೆ, ಕತ್ತರಿಸುವ ಮುಂಚೆ ಇನ್ನೊಮ್ಮೆ ಅಳೆಯುವ ಚಟ ಬಿಡದೆ, ಹಾಕುವಾಗ ಕರೆಂಟು ಆರಿಸಬೇಕೋ ಬೇಡವೋ ಎಂದು ಕೇಳಲು ಮೇಡಂಗೆ ಫೋನ್ ಮಾಡಿದರು. ಅವರು ಅದಕ್ಕೆ ಉತ್ತರ ಕೊಡದೆ, ಆ ಐದನೆಯದು ಎಲ್ಲಿಯದು ಎಂದು ಕೇಳಿದರು. ಅದೇ ಡಬ್ಬದ್ದು ಎಂದರು ಮಾಸ್ತರು.

“ಹಾಕ್ಬೇಡಿ ಮಾಸ್ಟ್ರೇ. ಹಾಕಿದ್ರೆ ಪೆಟ್ಟಿಗೆ ಉಳಿದ ಮೂರನ್ನೂ ಒಂದು ದಿನ ಪೂರ್ತಿ, ಮೊದಲಿಂದ ಕೊನೆವರೆಗೂ ಓದುತ್ತೆ. ಅವೂ ಸತ್ತದ್ದರ ಒಡಹುಟ್ಟಿದವೇ ತಾನೆ? ಓದ್ತಾ ಓದ್ತಾ ಇನ್ನೊಂದು ಹೋದ್ರೆ ಮುಗೀತು. ಯಾವುದು ಬೇಕೇ ಬೇಕೋ ಅದನ್ನ ಮೊದಲು ಹೊರಗೆ ತೆಗೀರಿ. ಈಗಲೇ.”

ಮಾಸ್ತರು ಪೆಟ್ಟಿಗೆಗೆ ಕಿವಿ ಕೊಟ್ಟರು. ಹೊಲಿಗೆ ಮಿಷಿನ್ನಿನ ಸೂಜಿ ಒಂದು ಕೂದಲೆಳೆ ಸರಿದರೂ ಸದ್ದಿನಲ್ಲೇ ಹಿಡಿಯುವ ಕಿವಿ ಅದು. ಒಂದನೆಯ ಡಿಸ್ಕು ಟಿಕ್ ಎಂದಿತು. ತಡೆದು, ಮತ್ತೆ ಟಿಕ್. ದೀಪ ಇನ್ನೂ ಹಸಿರೇ ಇತ್ತು.

ಅಕ್ಕ ಒಳಗಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಅವಳಿಗೆ ಹೇಳದೆ ಮಾಡಿ ಮುಗಿಸೋಣ ಎಂದು ಮನಸ್ಸು ಒಂದು ಗಳಿಗೆ ಕಳ್ಳಬುದ್ಧಿ ಹೇಳಿತು. ಆದರೆ ಯಾವುದನ್ನು ಮೊದಲು ತೆಗೆಯುವುದು? ಎಂಟು ತಿಂಗಳು, ಎಂಟು ಫೋಲ್ಡರು. ಯಾವ ಫೋಲ್ಡರಿಗೆ ಬಂದಾಗ ಡಿಸ್ಕು ನಿಲ್ಲುತ್ತದೋ ದೇವರೇ ಬಲ್ಲ. ದನಿ ಅವಳದು, ಆರಿಸುವ ಹಕ್ಕೂ ಅವಳದೇ. ಅವರು ಬಾಗಿಲಲ್ಲಿ ನಿಂತು ಹೇಳಿದರು. ಒಂದೇ ಡಬ್ಬದಿಂದ ತಂದದ್ದನ್ನೂ, ಮೇಡಂ ಬೇಡ ಎಂದದ್ದನ್ನೂ, ಕಾರ್ಡು ಅಳಿಸಿದ್ದನ್ನೂ ಬಿಡದೆ ಹೇಳಿದರು. ಅಕ್ಕ ನೆಟ್ಟ ಕಣ್ಣಲ್ಲಿ ಕೇಳಿಸಿಕೊಂಡು, ಸ್ಲೇಟಿನಲ್ಲಿ ‘ಒಂದನೇ ತಿಂಗಳಿಂದ’ ಎಂದು ಬರೆದಳು.

“ಅಕ್ಕಾ, ಎಂಟನೇದು ಮೊದಲು ತೆಗೀಲಾ?” ಎಂದು ಕೇಳಿದರು ಮಾಸ್ತರು. “ಪಟ್ಟಿ ಯಾರೋ ಬರೆದದ್ದು. ಎಂಟನೇದು ನಿಂದು.”

ಎಂಟನೆಯದು ಎಲ್ಲಕ್ಕಿಂತ ದೊಡ್ಡ ಫೋಲ್ಡರು. ಅದನ್ನು ಹಿಡಿದರೆ ಉಳಿದದ್ದಕ್ಕೆ ಹೊತ್ತು ಸಿಗದೆ ಹೋಗಬಹುದೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಬರೆದದ್ದನ್ನು ಅಳಿಸಲಿಲ್ಲ. ಅದರ ಕೆಳಗೆ ಬಳಪ ಮುರಿಯುವಷ್ಟು ಒತ್ತಿ ಒಂದು ಗೆರೆ ಎಳೆದಳು.

ಡಿಸೈನು ಹಾಕಿ ಗಿರಾಕಿಯೊಬ್ಬರು ಕೊಟ್ಟಿದ್ದ ಪೆನ್‌ಡ್ರೈವು ಕೈಗೆ ಸಿಕ್ಕಿತು. ಒಂದನೆಯ ತಿಂಗಳು ಸರಾಗ ಬಂತು, ಇನ್ನೂರ ಮೂವತ್ತು ವಾಕ್ಯ. ಎರಡನೆಯದೂ ಬಂತು. ಮೂರನೆಯದರ ನಡುವೆ ಟಿಕ್ ಟಿಕ್ ಜೋರಾಗಿ, ಸೆಕೆಂಡಿಗೆ ಹತ್ತು ಬರುತ್ತಿದ್ದದ್ದು ನಿಮಿಷಕ್ಕೆ ಒಂದೋ ಎರಡೋ ಆಯಿತು. ಅಕ್ಕ ಕುರ್ಚಿ ಎಳೆದುಕೊಂಡು ಬಂದು ತಮ್ಮನ ಪಕ್ಕ ಕೂತಳು. ಮಾಸ್ತರು ಫ್ಯಾನನ್ನು ಪೆಟ್ಟಿಗೆಗೆ ಹತ್ತಿರ ತಿರುಗಿಸಿದರು, ಬೀದಿಯ ಕಡೆಯ ಬಾಗಿಲು ಹಾಕಿದರು. ಕೆಳಗೆ ಯಾರೋ ಶಟರ್ ಬಡಿದು ಕರೆದರು, ಹೋಗಲಿಲ್ಲ. ನಡೆದರೆ ನೆಲ ಅದುರೀತೆಂದು ನೀರಿಗೂ ಏಳಲಿಲ್ಲ.

ಮಧ್ಯಾಹ್ನ ಎರಡಕ್ಕೆ ನಾಲ್ಕನೆಯ ತಿಂಗಳು ಮುಗಿದಾಗ ಎಣಿಕೆ ಒಂಬೈನೂರ ಹದಿನಾಲ್ಕು. ಸಾವಿರಕ್ಕೆ ಎಂಬತ್ತಾರು ಕಡಿಮೆ. ಐದನೆಯದನ್ನು ಶುರು ಮಾಡಿದರೆ ಕಂಪ್ಯೂಟರಿನ ಪರದೆ ಹಾಗೇ ನಿಂತುಬಿಟ್ಟಿತು. ಐದು ನಿಮಿಷ. ಏಳು ನಿಮಿಷ. ಕರೆಂಟು ಆರಿಸಿ ಮತ್ತೆ ಹಾಕೋಣವೇ ಎಂದು ಫೋನಿನಲ್ಲಿ ಕೇಳಿದರೆ, ಮುಟ್ಟಲೇಬೇಡಿ, ಒಮ್ಮೆ ನಿಂತದ್ದು ಮತ್ತೆ ತಿರುಗದೇ ಇರಬಹುದು ಎಂದರು ಮೇಡಂ. ಮುಟ್ಟದೆ ಕೂರುವುದರಷ್ಟು ಕಷ್ಟದ ಕೆಲಸ ಕೈಕಸುಬಿನವನಿಗೆ ಬೇರೆ ಇಲ್ಲ. ಮಾಸ್ತರು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

ಒಂಬೈನೂರ ಹದಿನೈದು ಬಂತು. ಆಮೇಲೆ ಹದಿನಾರು, ಹದಿನೇಳು. ಒಂದೊಂದು ವಾಕ್ಯಕ್ಕೂ ಅಕ್ಕನ ಬೆರಳು ತಮ್ಮನ ತೋಳನ್ನು ಒತ್ತುತ್ತಿತ್ತು. ನಾಲ್ಕೂವರೆಗೆ ಸಾವಿರ ದಾಟಿತು. ಮಾಸ್ತರು ನಿಟ್ಟುಸಿರು ಬಿಟ್ಟು, ಕೂಡಲೇ ಎಂಟನೆಯ ಫೋಲ್ಡರಿನ ಮೇಲೆ ಮೌಸಿನ ಬಾಣ ಒಯ್ದರು. ಅಕ್ಕ ಅವರ ಮಣಿಕಟ್ಟು ಹಿಡಿದಳು. ಐದನೆಯದೇ ಮುಗಿಯಲಿ ಎಂದು ಬೆರಳು ತೋರಿಸಿದಳು. ಸಾವಿರದ ನಲವತ್ತೆರಡಕ್ಕೆ ಬಂದಾಗ ಡಿಸ್ಕು ಕರಕರ ಎಂದು ಒಮ್ಮೆ ಕೆರೆದು ಸುಮ್ಮನಾಯಿತು. ಎರಡನೆಯ ಕೆಂಪು ದೀಪ ಹತ್ತಿತು. ಪರದೆಯ ಮೇಲಿದ್ದ ಎಂಟೂ ಫೋಲ್ಡರುಗಳು ಒಟ್ಟಿಗೆ ಮಾಯವಾದವು.

ಮೂವತ್ತೊಂದು ವರ್ಷದ ನಕ್ಷೆಗಳೂ ಅದರ ಜೊತೆ ಹೋದವು ಎಂಬುದು ಮಾಸ್ತರಿಗೆ ನೆನಪಾದದ್ದು ಮಾರನೆಯ ದಿನ. ಕೆಟ್ಟ ಡಿಸ್ಕುಗಳನ್ನು ಬಿಚ್ಚಿ ಓದುವವರಿಗೂ ಕಳಿಸಿ ನೋಡಿದರು. ಒಳಗಿನ ತಟ್ಟೆಯೇ ಗೀಚಿಹೋಗಿದೆ, ಏನೂ ಸಿಗದು ಎಂಬ ಉತ್ತರ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ, ಮಾಸ್ತರು ಈಗ ಎರಡು ಕಂಪನಿಯ, ಬೇರೆ ಬೇರೆ ತಿಂಗಳಲ್ಲಿ ತಯಾರಾದ ಡಿಸ್ಕುಗಳನ್ನು ಆರಿಸಿದರು. ಸಾವಿರದ ನಲವತ್ತೆರಡರ ಒಂದು ಪ್ರತಿಯನ್ನು ಮೇಡಂ ಅಂಗಡಿಯ ಬೀರುವಿನಲ್ಲೂ ಇಟ್ಟರು. ಎಲ್ಲಕ್ಕಿಂತ ಗಟ್ಟಿ ಡಿಸ್ಕು ಯಾವುದು ಮೇಡಂ ಎಂದು ಕೇಳಿದಾಗ ಅವರು, “ಸಾಯದ ಡಿಸ್ಕು ಅಂತ ಯಾವುದೂ ಇಲ್ಲ ಮಾಸ್ಟ್ರೇ. ಒಟ್ಟಿಗೆ ಸಾಯದ ಹಾಗೆ ನೋಡ್ಕೋಬೇಕು, ಅಷ್ಟೇ” ಎಂದರು.

ಆದರೆ ಮಾಸ್ತರನ್ನು ತಿಂದದ್ದು ಅದಲ್ಲ. ಅಕ್ಕ ಬೈಯಲಿಲ್ಲ. ಹಾಲು ಉಕ್ಕಿದರೆ ಬೈದವಳು, ಚಪ್ಪಲಿ ಅಡ್ಡ ಬಿಟ್ಟರೆ ಬೈದವಳು, ಇಷ್ಟು ದೊಡ್ಡ ತಪ್ಪಿಗೆ ಸ್ಲೇಟಿನ ಮೇಲೆ ಒಂದು ಅಕ್ಷರ ಬರೆಯಲಿಲ್ಲ. ‘ಕಿಟಕಿ ಮುಚ್ಚು’, ‘ಉಪ್ಪು ಜಾಸ್ತಿ’, ಇಷ್ಟೇ. ಯಂತ್ರ ತಯಾರಾಗಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಮಾಸ್ತರು ಊಟದ ಮುಂದೆ ತಲೆ ತಗ್ಗಿಸಿ ಕೂತರು. ಒಂದು ಜಾಕೀಟಿನ ಎದೆ ಸುತ್ತಳತೆಯನ್ನು ಮೂರು ಸಲ ಅಳೆದರೂ ತಾಳೆಯಾಗಲಿಲ್ಲ. ನನ್ನ ಅಕ್ಕ ನನ್ನನ್ನು ಮನಸ್ಸಿನಿಂದಲೇ ತೆಗೆದುಹಾಕಿದಳು ಎಂದು ಅವರಿಗೆ ಖಾತ್ರಿಯಾಗಿಬಿಟ್ಟಿತು.

ಒಂದು ಬೆಳಿಗ್ಗೆ ಆಸ್ಪತ್ರೆಯ ಹೆಣ್ಣುಮಗಳೊಬ್ಬಳು ಪುಸ್ತಕದಷ್ಟು ದೊಡ್ಡ ಯಂತ್ರವನ್ನು ತಂದು, ಹೇಗೆ ಬಳಸುವುದೆಂದು ತೋರಿಸಿ ಹೋದಳು. ಅಕ್ಕ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಟೈಪ್ ಮಾಡಿದಳು. ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ ಮೇಲೆ ಬಂದಿದ್ದ ಮಾಸ್ತರು ಬಾಗಿಲಲ್ಲಿ ನಿಂತರು. ಅಕ್ಕ ಗುಂಡಿ ಒತ್ತಿದಳು. ಒಂದನೆಯ ತಿಂಗಳಿನ ದನಿ ಬಂತು, ಸ್ಪಷ್ಟ, ಗಡುಸು, ಎದುರು ಸಾಲಿಗೂ ಕೇಳುವಂಥದು.

“ಕತ್ತೆ. ಐದೂ ಒಂದೇ ಡಬ್ಬದಿಂದ ತಂದ್ಯಲ್ಲೋ, ತಲೇಲಿ ಏನಿತ್ತೋ? ಎರಡು ತಿಂಗಳಿಂದ ಬಾಯಿ ಕಟ್ಟಿ ಕೂತಿದ್ದೆ. ಬರೆದು ಬೈದ್ರೆ ನಿನಗೆ ನಾಟಲ್ಲ ಅಂತ ದನಿ ಬರಲಿ ಅಂತ ಕಾದೆ.”

ಮಾಸ್ತರು ಅಳುತ್ತಿದ್ದರು. ಅಕ್ಕ ಅದನ್ನು ನೋಡಿಯೂ ನೋಡದವಳಂತೆ ಮತ್ತೆ ಟೈಪ್ ಮಾಡಿ ಗುಂಡಿ ಒತ್ತಿದಳು.

“ಎಂಟನೇ ತಿಂಗಳಿಂದು ನಾನು ಹೋದ ಮೇಲೆ ನೀನು ಕೇಳಲಿ ಅಂತ ಇಟ್ಟಿದ್ದೆ. ಅದು ಹೋಯ್ತು. ಈಗ ನಾನು ಇರುವಾಗಲೇ ಕೇಳು. ಬಾ, ಕೂತ್ಕೋ.”

ಅವರು ಬಂದು ಕೂತರು.