ನಾನು ತೊಳೆದ ರಷ್ಯಾದ ಪದಕ

ಹೋದ ವಾರ ಅಡುಗೆಮನೆಯಿಂದ ಅಂಟುವಾಳಕಾಯಿ ಕುದಿಯುವ ವಾಸನೆ ಬಂತು. ಹಬ್ಬಕ್ಕೆಂದು ಹೆಂಡತಿ ಬೆಳ್ಳಿ ಸಾಮಾನು ತೊಳೆಯುತ್ತಿದ್ದಳು. ಸಿಂಕಿನಲ್ಲಿ ಕಪ್ಪು ನೀರು ಸುತ್ತುತ್ತ ಇಳಿಯುವುದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ.

"ಯಾಕ್ರೀ, ಹಂಗ್ಯಾಕ ನಿಂತ್ರಿ?" ಎಂದಳು.

ಏನಿಲ್ಲ ಎಂದು ಹೊರಗೆ ಬಂದೆ. ಗಡಿಯಾರದಜ್ಜ ನೆನಪಾಗಿದ್ದರು...

ನಾನು ಗದಗಿನ ಪತ್ತಾರರ ಮನೆಯವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಪಕ್ಕ ಬೆಳ್ಳಿ ಕೆಲಸಕ್ಕೆ ಕೂತವನು. ಡಾಲಸ್‌ಗೆ ಬಂದ ಮೇಲೂ ಅದೇ ಕೆಲಸ. ಊರಂಚಿನ ಮರ್ಫಿಯ ಹತ್ತಿರ ಒಡವೆ ರಿಪೇರಿಯ ಸಣ್ಣ ಅಂಗಡಿ. ಇಲ್ಲಿನ ನಮ್ಮವರೆಲ್ಲ ಎಂಜಿನಿಯರುಗಳು. ಊಟಕ್ಕೆ ಸೇರಿದಾಗ ನೀವೆಲ್ಲಿ ಓದಿದ್ದು ಎಂದು ಯಾರಾದರೂ ಕೇಳಿದರೆ ಎರಡೂ ಕೈ ಎತ್ತಿ ತೋರಿಸುತ್ತಿದ್ದೆ. ನನ್ನ ಬೆಸುಗೆಯ ಗುರುತು ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ.

ಪಕ್ಕದ ಅಂಗಡಿಯಲ್ಲಿ ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದರು. ರಷ್ಯಾದಿಂದ ಬಂದ ಮನೆತನ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು, ನನಗೆ ಮಾತ್ರ ಅದು ನಮ್ಮ ಭಾಷೆಯಲ್ಲೇ ನೆನಪಿದೆ. ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಏನಪ್ಪಾ, ಇವತ್ತು ಯಾರ ಮೂಗುತಿ ಮುರಿಯಾಂವ?" ಎನ್ನುತ್ತಿದ್ದರು. "ನಿಮ್ಮ ಗಡಿಯಾರದ ಪ್ರಕಾರ ನಾ ಇನ್ನೂ ಅಂಗಡೀನs ತಗದಿಲ್ಲಲ್ಲ ಅಜ್ಜಾರ" ಎಂದು ನಾನು.

ಒಂದು ದಿನ ಅವರು ಬಟ್ಟೆಯಲ್ಲಿ ಸುತ್ತಿದ ಬೆಳ್ಳಿ ಪದಕವೊಂದನ್ನು ತಂದರು. ಒಂದು ಬದಿ ತ್ರಿಕೋನದೊಳಗೆ ಒಂದು ಕಣ್ಣು, ಇನ್ನೊಂದು ಬದಿ ಅವರ ಲಿಪಿಯ ನಾಲ್ಕು ಸಾಲು. ಇನ್ನೂರು ವರ್ಷದ ಹಿಂದೆ ಫ್ರೆಂಚರ ದೊಡ್ಡ ಸೈನ್ಯವನ್ನು ರಷ್ಯಾದವರು ಓಡಿಸಿದಾಗ, ಆ ಗೆಲುವಿನ ನೆನಪಿಗೆ ಸಿಪಾಯಿಗಳಿಗೆ ಕೊಟ್ಟದ್ದಂತೆ. ಅಜ್ಜನ ಮುತ್ತಜ್ಜನ ಅಪ್ಪ ಎದೆಯ ಮೇಲೆ ತೊಟ್ಟಿದ್ದನಂತೆ. ಆಮೇಲೆ ನಕಲು ಬಹಳ ಬಂದವು, ಅಸಲು ಸಿಗುವುದು ಅಪರೂಪ. ಇವರ ಸ್ವಂತ ತಮ್ಮನೇ "ಸಂತೆ ಮಾಲು" ಎಂದು ಜೀವಮಾನವಿಡೀ ನಕ್ಕಿದ್ದ. ಈಗ ಹ್ಯೂಸ್ಟನ್ನಿನಲ್ಲಿ ಹಳೇ ಪದಕಗಳ ಪರೀಕ್ಷಕನೊಬ್ಬ ನೋಡಿ, ಅಸಲಾದರೆ ಬರೆದು ಕೊಡಲು ಒಪ್ಪಿದ್ದ.

"ಮ್ಯಾಲ ರಿಬ್ಬನ್ ಹಾಕೂ ಬಳಿ ಬಾಯಿ ಬಿಟ್ಟದ. ಅದಷ್ಟು ಬೆಸೀ. ನಾಳೆ ನೀನs ಡ್ರೈವ್ ಮಾಡಬೇಕು" ಎಂದರು.

ಬೆಸೆದೆ. ಆದರೆ ಅವರು ತಂದಾಗಲೇ ಪದಕ ಇಡೀ ಕಪ್ಪಾಗಿತ್ತು. ನಮ್ಮಲ್ಲಿ ಗಿರಾಕಿಯ ಬೆಳ್ಳಿಯನ್ನು ಕಪ್ಪಾಗಿಯೇ ಹಿಂದಿರುಗಿಸುವುದು ಪತ್ತಾರನಿಗೆ ಅವಮಾನ. ಕೇಳಲಿ ಬಿಡಲಿ, ಅಪ್ಪ ತೊಳೆದೇ ಕೊಡುತ್ತಿದ್ದ. ನಾನೂ ಅಂಟುವಾಳದ ನೀರು, ವಿಭೂತಿ, ಬ್ರಷ್ಷು ತೆಗೆದುಕೊಂಡು ಕೂತೆ. ಹತ್ತೇ ನಿಮಿಷ. ಪದಕದ ಕಣ್ಣು ಫಳಫಳ ಅಂದಿತು. ಅಜ್ಜ ಬೆರಗಾಗಲಿ ಎಂದು ಡಬ್ಬಿಯಲ್ಲಿಟ್ಟು ಮುಚ್ಚಿ, "ಅಲ್ಲೇ ಹೋಗಿ ತಗೀರಿ" ಎಂದು ಕೊಟ್ಟೆ.

ಮರುದಿನ ಹೈವೇ ಹತ್ತಿದೆವು. ಡಬ್ಬಿ ಅವರ ತೊಡೆಯ ಮೇಲಿತ್ತು. ಡಾಲಸ್ ದಾಟುತ್ತಿದ್ದಂತೆ ಅವರು ಮಾತು ತೆಗೆದರು. "ನಮ್ಮಜ್ಜಿ ಇದನ್ನ ಅಂಗೀಲೆ ಒರಸಾಕೂ ಬಿಡ್ತಿದ್ದಿಲ್ಲ. ಆ ಕಪ್ಪs ಇದರ ಜಾತಕ. ಆ ಮನಷ್ಯಾ ಮೊದಲು ನೋಡೂದು ಅದನ್ನs."

ಮುಂದಿನ ಎಕ್ಸಿಟ್ಟಿನಲ್ಲಿ ನಿಲ್ಲಿಸಿ ಹೇಳಿಬಿಡಬೇಕು ಎಂದುಕೊಂಡೆ. ಎಕ್ಸಿಟ್ ಹೋಯಿತು. ಅದರ ಮುಂದಿನದೂ ಹೋಯಿತು.

"ಯಾಕ ಸುಮ್ಮನಾದಿ? ಮನ್ಯಾಗ ಜಗಳ ಏನು?"

"ಇಲ್ರಿ."

"ಹಂಗಾರ ಎಸಿ ಜೋರು ಮಾಡು. ಅಂಗಿ ತೊಯ್ದೈತಿ ನಿಂದು."

ಮೂರು ತಾಸಿನ ದಾರಿಯಲ್ಲಿ ತೊಳೆದದ್ದನ್ನು ಹೇಳಲಿಲ್ಲ. ಇಷ್ಟೂ ತಿಳಿಯದವನೇ ನೀನು ಎಂದು ಒಬ್ಬರಿಂದ ಅನ್ನಿಸಿಕೊಳ್ಳಲು ನನ್ನಿಂದಾಗಲಿಲ್ಲ.

ಪರೀಕ್ಷಕ ಡಬ್ಬಿ ತೆರೆದ. ಭೂತಗನ್ನಡಿ ಎತ್ತಿದವನು ಹಾಗೇ ಕೆಳಗಿಟ್ಟ. "ಯಾರು ತೊಳೆದದ್ದು?"

ಅಜ್ಜ ಪದಕ ನೋಡಿದರು. ನನ್ನ ಕಡೆ ತಿರುಗಲಿಲ್ಲ.

"ನಾನ್ರಿ" ಎಂದೆ. ಇಂಗ್ಲಿಷ್ ಬರಲೇ ಇಲ್ಲ. ಎದೆ ಮುಟ್ಟಿಕೊಂಡು ತೋರಿಸಿದೆ.

ಅಸಲಿರಬಹುದು, ನಕಲೂ ಇರಬಹುದು, ಹೀಗೆ ಉಜ್ಜಿದ ಮೇಲೆ ನಾನಂತೂ ಬರೆದು ಕೊಡಲಾರೆ ಎಂದ ಆ ಮನುಷ್ಯ. ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು.

ವಾಪಸು ಬರುವಾಗ ಅಜ್ಜ ಒಂದೇ ಒಂದು ಸಲ ಮಾತಾಡಿದರು. ಪದಕವನ್ನು ಬೆಳಕಿಗೆ ಹಿಡಿದು, "ಬೆಸುಗೆ ಎಲ್ಲೈತಿ ಅನ್ನೂದs ಕಾಣಂಗಿಲ್ಲ" ಎಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆಮೇಲೂ ಬೆಳಿಗ್ಗೆ ಕೈ ಎತ್ತುತ್ತಿದ್ದರು. ಮೂಗುತಿಯ ಮಾತು ಮಾತ್ರ ಮತ್ತೆ ಬರಲಿಲ್ಲ... ಮರುವರ್ಷ ಅಂಗಡಿ ಮುಚ್ಚಿ, ಆಸ್ಟಿನ್ ಹತ್ತಿರದ ಊರು ಟೇಲರ್‌ನಲ್ಲಿದ್ದ ಮಗಳ ಮನೆಗೆ ಶಿಫ್ಟ್ ಆದರು.

ಹೋದ ತಿಂಗಳು ಆ ಮಗಳ ಫೋನ್ ಬಂತು. ಅಪ್ಪ ಹೋದರು ಎಂದಳು. ಚಿಕ್ಕಪ್ಪ ಮಣ್ಣಿಗೆ ಬಂದಾಗಲೂ ಆ ಪದಕದ ಗೇಲಿ ಬಿಡಲಿಲ್ಲವಂತೆ. "ತೊಳೆಯುವ ಮೊದಲು ಅದನ್ನು ಹತ್ತಿರದಿಂದ ನೋಡಿದ ಕಸುಬುದಾರರು ನೀವೊಬ್ಬರೇ. ಹೇಗಿತ್ತು ಅಂತ ಬರೆದು ಕೊಡ್ತೀರಾ? ನನ್ನ ಮಕ್ಕಳಿಗೆ ಇರಲಿ."

ಹ್ಞೂಂ ಎಂದವನು ತಿಂಗಳಿಡೀ ದಿನ ದೂಡಿದೆ. ಮೊನ್ನೆ, ಆ ಕಪ್ಪು ನೀರು ಕಂಡ ಮೇಲೆ, ನನ್ನ ಮಗಳನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ. ನಾನು ಹೇಳುತ್ತ ಹೋದೆ, ಅವಳು ಇಂಗ್ಲಿಷಿಗೆ ತಿರುಗಿಸಿದಳು. ಅಂಚಿನಲ್ಲಿ ನವಿಲುಬಣ್ಣ, ಕಣ್ಣಿನ ಸುತ್ತ ಹಳೇ ಬೆಲ್ಲದ ಬಣ್ಣ, ಅಕ್ಷರಗಳ ಸಂದಿಯಲ್ಲಿ ಕಾಡಿಗೆ. ಬಣ್ಣ ಹಾಕಿ ತಂದ ಕಪ್ಪು ಹಾಗೆ ಪದರ ಪದರವಾಗಿ ಕೂರುವುದಿಲ್ಲ. ನಾನು ಕಂಡ ಮಟ್ಟಿಗೆ ಅದು ಅಸಲು.

"ನಂತರ ಅದನ್ನ ನಾನs ತೊಳದೆ ಅಂತ ಬರಿ" ಎಂದೆ.

"ಡು ವಿ ಹ್ಯಾವ್ ಟು ಪುಟ್ ದಟ್, ಅಪ್ಪಾ?"

"ಅದನ್ನs ಮೊದಲು ಹಾಕು."

ಕೆಳಗೆ ಕನ್ನಡದಲ್ಲಿ ಸಹಿ ಮಾಡಿ ಟೇಲರ್‌ಗೆ ಕಳಿಸಿದೆ. ಆ ಮಕ್ಕಳು ಓದಿಕೊಳ್ಳುತ್ತಾರೆ. ಹೈವೇಯಲ್ಲೇ ಇದನ್ನು ಕೇಳಬೇಕಾಗಿದ್ದ ಅಜ್ಜನಿಗೆ ಮಾತ್ರ ನಾನು ಆಗ ಹೇಳಲಿಲ್ಲ...