ಹದಿನಾಲ್ಕನೆಯ ಕಾಗದ

ಫೋನಿನಲ್ಲಿ ನಾನು ಕಳಿಸಿದ ಸಾಲಿನ ಪಕ್ಕ ಎರಡು ನೀಲಿ ಗೀಟುಗಳು ಬಿದ್ದಿವೆ. ಓದಿದ್ದಾನೆ ಎಂದು ಅರ್ಥವಂತೆ. ಓದಿದವನು ನನ್ನ ಮೈದುನ ಸುರೇಶ. ವಯಸ್ಸು ಅರವತ್ತು ದಾಟಿದೆ, ಮಹಾಲಕ್ಷ್ಮಿ ಲೇಔಟಿನಲ್ಲಿ ಸ್ವಂತ ಮನೆ, ಬಾಯಿ ತುಂಬ ಜೋಕು. ನಾನು ಕಳಿಸಿದ್ದು ಇಷ್ಟೇ: ‘ಹದಿನಾಲ್ಕು ತಲುಪಿಲ್ಲ. ಮತ್ತೆ ಕಳಿಸು.’ ಹತ್ತು ದಿನಗಳಿಂದ, ಬೆಳಗಿನ ಕಾಫಿಯಾದ ಮೇಲೆ, ಇದೇ ಸಾಲನ್ನು ಕಳಿಸುತ್ತಿದ್ದೇನೆ. ದಿನವೂ ನೀಲಿ ಗೀಟು ಬೀಳುತ್ತದೆ, ಉತ್ತರ ಮಾತ್ರ ಇಲ್ಲ. ಮುದುಕಿಗೆ ತಲೆ ಕೆಟ್ಟಿದೆ ಎಂದು ನಿಮಗೂ ಅನ್ನಿಸುತ್ತಿರಬಹುದು. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ಎಂಬತ್ತರ ದಶಕದಲ್ಲಿ ನಾವು ಬಸವೇಶ್ವರನಗರದ ಒಂದು ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದೆವು. ನಾವು ಅಂದರೆ ಅತ್ತೆ, ಆಗಿನ್ನೂ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ಸುರೇಶ, ಮತ್ತು ನಾನು. ನಮ್ಮವರು ಸೈನ್ಯದ ಸಿಗ್ನಲ್ಸ್‌ನಲ್ಲಿದ್ದರು, ಉತ್ತರದ ಯಾವುದೋ ಬೆಟ್ಟಸಾಲಿನಲ್ಲಿ. ಯಾವುದು ಎಂದು ಅವರು ಹೇಳುವ ಹಾಗಿರಲಿಲ್ಲ, ಕೇಳುವ ಅಭ್ಯಾಸ ನನಗಿರಲಿಲ್ಲ. ಕಾನ್ವೆಂಟಿನಲ್ಲಿ ಹತ್ತು ವರ್ಷ ಸಿಸ್ಟರ್‌ಗಳು ನನಗೆ ಕಲಿಸಿದ್ದು ಎರಡೇ: ಕರ್ಸಿವ್ ಹ್ಯಾಂಡ್‌ರೈಟಿಂಗ್ ಮತ್ತು ‘ಎ ಲೇಡಿ ನೆವರ್ ರೇಯ್ಸಸ್ ಹರ್ ವಾಯ್ಸ್’. ಮೊದಲನೆಯದು ಗಂಡನಿಗೆ ಕಾಗದ ಬರೆಯಲು ಉಪಯೋಗಕ್ಕೆ ಬಂತು. ಎರಡನೆಯದು ಯಾರ್‍ಯಾರ ಉಪಯೋಗಕ್ಕೆ ಬಂತು ಎನ್ನುವುದು ಈಗೀಗ ಗೊತ್ತಾಗುತ್ತಿದೆ.

ಮದುವೆಯಾದ ವರ್ಷ ರಜಕ್ಕೆ ಬಂದಾಗ, ಒಂದು ಮಧ್ಯಾಹ್ನ ಅವರು ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ನೆಲದ ಮೇಲೆ ಸ್ಟೀಲ್ ಲೋಟಗಳನ್ನು ಜೋಡಿಸಿದರು. ಬೇರೆ ಹೆಂಗಸರ ಗಂಡಂದಿರು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನನ್ನ ರೊಮ್ಯಾನ್ಸ್ ಇದು.

‘ಈ ದೊಡ್ಡ ಲೋಟ ಹೆಡ್‌ಕ್ವಾರ್ಟರ್ಸ್. ಈ ನಾಲ್ಕು, ಬೇರೆ ಬೇರೆ ಬೆಟ್ಟದ ಮೇಲಿರೋ ನಮ್ಮ ಜನ. ಬ್ಯಾಟರಿ ಉಳಿಸ್ಬೇಕು, ಅದಕ್ಕೆ ದಿನಕ್ಕೆ ಅರ್ಧ ಗಂಟೆ ಮಾತ್ರ ವೈರ್‌ಲೆಸ್ ಸೆಟ್ ಆನ್ ಮಾಡ್ತಾರೆ. ಈ ಕೊನೇ ಲೋಟ ಬೆಟ್ಟದ ಮರೇಲಿದೆ, ನಮ್ಮ ದನಿ ಕೇಳಲ್ಲ. ಏನ್ಮಾಡ್ತೀಯ?’

‘ಜೋರಾಗಿ ಕೂಗ್ತೀನಿ.’

‘ನೀನಾ!’ ಎಂದು ಅವರು ನಕ್ಕಿದ್ದು ಈಗಲೂ ಕಿವಿಯಲ್ಲಿದೆ.

ಕೂಗುವುದಲ್ಲವಂತೆ. ಪಕ್ಕದ ಬೆಟ್ಟದವನಿಗೆ ಸಂದೇಶ ಕೊಡುವುದು. ಅವನು ಬರೆದಿಟ್ಟುಕೊಂಡು, ಮರೆಯಲ್ಲಿರುವವನು ಸಿಕ್ಕಾಗ ದಾಟಿಸುವುದು. ‘ಬಂತು’ ಎಂದು ಅವನ ಬಾಯಿಂದ ಕೇಳುವ ತನಕ ಬರೆದಿಟ್ಟದ್ದನ್ನು ಹರಿಯುವ ಹಾಗಿಲ್ಲ, ಅದನ್ನೇ ಮತ್ತೆ ಮತ್ತೆ ಕಳಿಸುತ್ತಿರಬೇಕು. ಪ್ರತಿಯೊಂದಕ್ಕೂ ನಂಬರ್. ಏಳರ ನಂತರ ಒಂಬತ್ತು ಬಂದರೆ, ಎಂಟು ಎಲ್ಲಿ ಎಂದು ಕೇಳುವುದು ಕೇಳಿಸಿಕೊಂಡವನ ಜವಾಬ್ದಾರಿ. ‘ಕಳಿಸಿದೀನಿ ಅನ್ನೋದು ಲೆಕ್ಕಕ್ಕೇ ಇಲ್ಲ ಕಣೇ. ತಲುಪಿತು ಅಂತ ಅವರು ಹೇಳ್ಬೇಕು.’

ಅಂದಿನಿಂದ ನಮ್ಮ ಕಾಗದಗಳಿಗೂ ನಂಬರ್ ಬಂತು. ‘ಡಿಯರೆಸ್ಟ್’ ಎಂದು ಬರೆಯುವ ಮೊದಲೇ ಮೂಲೆಯಲ್ಲಿ ‘ನಂ. ೯. ನಿಮ್ಮ ೮ರ ತನಕ ತಲುಪಿದೆ’ ಎಂದು ಬರೆಯಬೇಕು. ಪ್ರೇಮಪತ್ರವೋ ಗೋಡೌನಿನ ಚೀಟಿಯೋ ಎಂದು ನಾನು ರೇಗಿಸುತ್ತಿದ್ದೆ.

ಹದಿಮೂರನೆಯದು ಬಂತು: ‘ಒಂದು ಸಿಹಿಸುದ್ದಿ ಇರಬಹುದು, ಖಾತ್ರಿಯಾದ ಮೇಲೆ ಬರೆಯುತ್ತೇನೆ.’ ಆಮೇಲೆ ಬಂದದ್ದು ಹದಿನೈದು. ಅದರಲ್ಲಿ, ‘ಹದಿನಾಲ್ಕಕ್ಕೆ ನೀನು ಏನೂ ಹೇಳಲಿಲ್ಲ. ಇಷ್ಟವಿಲ್ಲದಿದ್ದರೆ ಬಲವಂತವಿಲ್ಲ’ ಎಂದಿತ್ತು. ಯಾವುದಕ್ಕೆ ಇಷ್ಟ, ಯಾವುದಕ್ಕೆ ಬಲವಂತ? ಅವತ್ತೇ ಓಡಿಹೋಗಿ ಡಬ್ಬಿಗೆ ಹಾಕಿದೆ: ‘ಹದಿನಾಲ್ಕು ತಲುಪಿಲ್ಲ. ಮತ್ತೆ ಕಳಿಸಿ.’ ಮೂರು ವಾರದ ನಂತರ ಹದಿನಾರು ಬಂತು. ಮೂರೇ ಸಾಲು, ಸೆಟ್ಟಿನಲ್ಲಿ ಓದಿ ಹೇಳುವ ಹಾಗೆ. ಬಯಲಿನ ಟ್ರೈನಿಂಗ್ ಸೆಂಟರಿಗೆ ಎರಡು ವರ್ಷ ಹಾಕಿದ್ದಾರೆ. ಫ್ಯಾಮಿಲಿ ಕ್ವಾರ್ಟರ್ಸ್ ಕೊಟ್ಟಿದ್ದರು, ತಿಂಗಳ ಕೊನೆಯೊಳಗೆ ನಿನ್ನ ಒಪ್ಪಿಗೆ ತಿಳಿಸು ಎಂದು ಹದಿನಾಲ್ಕರಲ್ಲಿ ಬರೆದಿದ್ದೆ. ಬರಲಿಲ್ಲ, ಮನೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಯಿತು.

ಕೆಳಗೆ ಇನ್ನೊಂದು ಮಾತು ಸೇರಿಸಿದ್ದರು: ‘ಇನ್ನು ಮೇಲೆ ಎರಡನೆಯ ದಾರಿ ಇಟ್ಟುಕೋ. ನಂಬಿಕೆಯ ಗೆಳತಿಯೊಬ್ಬಳ ವಿಳಾಸ ಕಳಿಸು, ಮುಖ್ಯವಾದದ್ದರ ಒಂದು ಪ್ರತಿ ಅಲ್ಲಿಗೂ ಹಾಕುತ್ತೇನೆ.’

ನಾನು ಕಳಿಸಲಿಲ್ಲ. ಕಾಮಾಕ್ಷಿಪಾಳ್ಯದಲ್ಲಿ ನನ್ನ ಕ್ಲಾಸ್‌ಮೇಟ್ ಇದ್ದಳು, ನಡೆದರೆ ಅರ್ಧ ಗಂಟೆ. ಆದರೆ ಗಂಡನ ಕಾಗದ ಪರರ ಮನೆಗೆ ಬರುವುದೆಂದರೇನು? ಅತ್ತೆಗೆ ಗೊತ್ತಾದರೆ ನೊಂದುಕೊಳ್ಳುವುದಿಲ್ಲವೇ? ನೋಡಿ, ಎಂಥ ಸೂಕ್ಷ್ಮ ನನ್ನದು!

ಆ ಎರಡು ವರ್ಷ ಅವರು ಬ್ಯಾರಕ್ಕಿನಲ್ಲಿದ್ದರು, ನಾನು ಬಸವೇಶ್ವರನಗರದಲ್ಲಿ ಹಂಡೆಗೆ ನೀರು ತುಂಬುತ್ತಿದ್ದೆ. ಆಮೇಲೆ ಅವರನ್ನು ಮತ್ತೆ ಬೆಟ್ಟಕ್ಕೆ ಹಾಕಿದರು. ನಮಗೆ ಮಕ್ಕಳಾಗಲಿಲ್ಲ. ಅದನ್ನೂ ಇದನ್ನೂ ಸೇರಿಸಿ ಹೇಳಬಾರದು ಎಂದು ಡಾಕ್ಟರ್ ಹೇಳಿಯಾರು. ನಾನು ಸೇರಿಸುತ್ತೇನೆ.

ಅವರು ರಿಟೈರ್ ಆಗಿ ಬಂದ ಮೇಲೆ ಮನೆಯಲ್ಲಿ ಏನು ಕಳೆದುಹೋದರೂ, ಕನ್ನಡಕವಾಗಲಿ ಬೀಗದ ಕೈಯಾಗಲಿ, ‘ಹದಿನಾಲ್ಕರ ಜೊತೆ ಹಿಮದ ಕೆಳಗಿರಬೇಕು’ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವರು ನಗುತ್ತಿರಲಿಲ್ಲ. ಒಮ್ಮೆ ಮಾತ್ರ, ‘ಆ ವಾರದ ಟಪಾಲು ಚೀಲ ಸರಿಯಾಗೇ ಹೋಗಿತ್ತು. ಅದರಲ್ಲಿದ್ದ ಉಳಿದವರ ಕಾಗದ ಎಲ್ಲಾ ತಲುಪಿದ್ವು’ ಎಂದರು. ಸೈನ್ಯದ ಅಂಚೆಯ ಮೇಲಿನ ಅಭಿಮಾನ ಎಂದುಕೊಂಡೆ.

ಹತ್ತು ದಿನಗಳ ಕೆಳಗೆ ಸುರೇಶನ ಮೊಮ್ಮಗಳ ನಾಮಕರಣ. ಅವನ ಹೆಂಡತಿ ಗೀತಾ ಒಳಕೋಣೆಯಲ್ಲಿ ಮಗು, ಬಾಣಂತಿಯ ಜೊತೆಗಿದ್ದಳು. ಹೊರಗೆ ಊಟದ ಸಾಲಿನಲ್ಲಿ, ಎಲೆಗೆ ಪಾಯಸ ಬೀಳುವ ಹೊತ್ತಿಗೆ, ಸುರೇಶ ಎಲ್ಲರಿಗೂ ಕೇಳುವ ಹಾಗೆ ಶುರುಮಾಡಿದ.

‘ನಮ್ಮತ್ತಿಗೆ ಆರ್ಮಿ ಕ್ವಾರ್ಟರ್ಸ್‌ಗೆ ಹೋಗ್ಬಿಡ್ತಿದ್ರು ಕಣ್ರೋ, ನಾನೇ ಉಳಿಸ್ಕೊಂಡಿದ್ದು! ಅಣ್ಣನ ಕಾಗದ ಬಂತು, ದಪ್ಪಗೆ. ಅಮ್ಮಂಗೆ ಓದಕ್ಕೆ ಬರ್ತಿರ್ಲಿಲ್ಲವಲ್ಲ, ನಾನು ಓದಿ ಹೇಳ್ದೆ. ಇವಳು ಹೋದ್ರೆ ನಮಗೆ ಬೇಯಿಸಿ ಹಾಕೋರ್‍ಯಾರೋ ಅಂದ್ಲು ಅಮ್ಮ. ಹಂಡೆ ಒಲೆ ಉರೀತಾ ಇತ್ತು. ಹಾಕಿದ್ದೇ!’

ಎಲ್ಲರೂ ನಕ್ಕರು. ‘ಆಂಟಿ ಅಡುಗೆ ಅಷ್ಟು ಫೇಮಸ್ಸಾ?’ ಎಂದಳು ಯಾವಳೋ ಒಬ್ಬಳು. ನಾಚಿಕೆಗೇಡು ಎಂದರೆ, ನಾನೂ ನಕ್ಕೆ. ಸಿಸ್ಟರ್‌ಗಳು ಇದ್ದಿದ್ದರೆ ಹೆಮ್ಮೆಪಡುತ್ತಿದ್ದರು.

ಕೈ ತೊಳೆಯುವಲ್ಲಿ ಅವನನ್ನು ಹಿಡಿದು ಕೇಳಿದೆ. ‘ಅದರಲ್ಲಿ ಏನಿತ್ತು ಸುರೇಶ?’

‘ಅಯ್ಯೋ ಅತ್ತಿಗೆ, ಯಾವ ಕಾಲದ್ದು! ನಾಲ್ಕು ಹಾಳೆ ಇತ್ತು. ಮನೆ ಹಿಂದೆ ಸೀಬೆ ಮರ ಇದೆ ಅಂತ ಏನೋ... ಇನ್ನುಳಿದದ್ದು ಅಮ್ಮನ ಮುಂದೆ ಓದೋ ಹಾಗಿರ್ಲಿಲ್ಲ ಬಿಡಿ.’ ಕಣ್ಣು ಮಿಟುಕಿಸಿ ಹೋದ.

ಆಟೋದಲ್ಲಿ ಬರುವಾಗ ಲೆಕ್ಕ ಹಾಕಿದೆ. ಹಿಮ, ಕಣಿವೆ, ಬಾಂಬು ಎಲ್ಲ ದಾಟಿ ಬಂದ ನಾಲ್ಕು ಹಾಳೆ. ನಮ್ಮ ಗೇಟಿನಿಂದ ಅಡುಗೆಮನೆಯಲ್ಲಿದ್ದ ನನ್ನವರೆಗೆ ಮೂವತ್ತು ಹೆಜ್ಜೆ ದಾಟಲಿಲ್ಲ. ಹಂಡೆಯ ಒಲೆ! ಆ ಬೆಂಕಿ ಹಚ್ಚಿದವಳು ನಾನೇ, ಆ ನೀರಿನಲ್ಲಿ ಅವರಿಬ್ಬರೂ ಸ್ನಾನ ಮಾಡಿದರು.

ಆಮೇಲೆ ಇನ್ನೊಂದು ಹೊಳೆಯಿತು. ಅದು ಮೊದಲನೆಯದಕ್ಕಿಂತ ಹೆಚ್ಚು ಸುಟ್ಟಿತು. ನಮ್ಮವರಿಗೆ ಗೊತ್ತಿತ್ತು. ದಾರಿ ಎಲ್ಲಿ ಕಡಿದಿದೆ ಎಂದು ಹುಡುಕುವುದೇ ಕಸುಬಾಗಿದ್ದ ಮನುಷ್ಯ. ಚೀಲ ಸರಿಯಾಗಿ ಹೋಗಿತ್ತು ಅಂದರೆ ಮನೆಯಲ್ಲೇ ಕಡಿದಿದೆ ಎಂದು. ಎರಡನೆಯ ದಾರಿ ಇಟ್ಟುಕೋ ಅಂದರೆ ಮೊದಲನೆಯದನ್ನು ನಂಬಬೇಡ ಎಂದು. ತಾಯಿಯ ಹೆಸರು ಹೇಳಲಾರದೆ ನನಗೆ ಸೂಚನೆ ಕಳಿಸಿ ಕೂತರು! ನಾನೇನು ನಿಮ್ಮ ಬೆಟ್ಟದ ಮೇಲಿನ ಜವಾನನೇ, ಸೂಚನೆ ಬಿಡಿಸಿಕೊಳ್ಳಲು? ನಾನು ಹೋಗಲು ಇಷ್ಟಪಡಲಿಲ್ಲ ಎಂದು ಕೆಲವು ವಾರವಾದರೂ ಅವರು ನಂಬಿದ್ದರಲ್ಲ, ಆ ವಾರಗಳನ್ನು ಯಾರಿಂದ ವಾಪಸು ಕೇಳಲಿ? ಅವರು ಹೋಗಿ ಆರು ವರ್ಷವಾಯಿತು. ಫೋಟೋದ ಮುಂದೆ ನಿಂತು ಬೈದೆ. ಅದೂ ಮೆಲ್ಲಗೆ.

ಮಾರನೆಯ ಬೆಳಿಗ್ಗೆ ಸುರೇಶನಿಗೆ ಮೊದಲ ಸಂದೇಶ ಕಳಿಸಿದೆ. ಓದಿದವನು ಲೋಕದಲ್ಲಿ ಅವನೊಬ್ಬನೇ ಉಳಿದಿದ್ದಾನೆ; ನೆನಪಿರುವಷ್ಟನ್ನು ಬರೆದು ಕಳಿಸಲಿ. ಸೀಬೆ ಮರದ ನಂತರ ಏನಿತ್ತು? ಉತ್ತರ ಬರುವ ತನಕ ಅದನ್ನೇ ಮತ್ತೆ ಮತ್ತೆ ಕಳಿಸಬೇಕು ಎಂದು ಕಲಿತಿದ್ದೇನೆ.

ಇವತ್ತು ಹತ್ತನೆಯ ದಿನ. ಬೆಳಿಗ್ಗೆ ಅವನಿಗೆ ಕಳಿಸಿ, ನೀಲಿ ಗೀಟು ಬಿದ್ದದ್ದನ್ನು ನೋಡುತ್ತ ಕೂತಿದ್ದವಳಿಗೆ ಇಷ್ಟು ವರ್ಷ ಮಾಡದೆ ಬಿಟ್ಟ ಕೆಲಸ ನೆನಪಾಯಿತು. ಅದೇ ಸಾಲಿನ ಇನ್ನೊಂದು ಪ್ರತಿಯನ್ನು ಗೀತಾಳ ಫೋನಿಗೆ ಹಾಕಿದೆ.

ಐದು ನಿಮಿಷವಾಗಿಲ್ಲ, ಬಂತು: ‘ಅಕ್ಕಾ, ತಲುಪಿತು. ಇವರನ್ನ ಕೇಳಿದ್ರೆ ಪೇಪರ್ ಹಿಂದೆ ಮುಖ ಮುಚ್ಕೊಳ್ತಾರೆ. ಏನಿದು ಹದಿನಾಲ್ಕು?’

ಫೋನ್ ಮಾಡಿದೆ. ‘ಹೇಳ್ತೀನಿ ಕಣೇ ಗೀತಾ. ಮೊದಲು ಸ್ಪೀಕರ್‌ಗೆ ಹಾಕು, ಅವನಿಗೂ ಕೇಳಲಿ’ ಎಂದೆ. ಕಿಟಕಿಯಾಚೆ ರಸ್ತೆಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ನಿಂತು ತಿರುಗಿ ನೋಡಿದಳು. ಅಷ್ಟು ಜೋರಾಗಿತ್ತು ನನ್ನ ದನಿ.