ದೇವರ ಮನೆಯಲ್ಲಿದ್ದ ಬ್ಯಾಕಪ್

ನಮ್ಮ ಮನೆಯಲ್ಲಿ ಐದು ತಿಂಗಳಿಂದ ಒಂದು ಹಾರ್ಡ್ ಡಿಸ್ಕ್‌ಗೆ ದಿನಾ ಪೂಜೆ ನಡೆಯುತ್ತಿತ್ತು. ಅರಿಸಿನ, ಕುಂಕುಮ, ಮೇಲೊಂದು ಹೂವು. ಇದು ನನಗೆ ಗೊತ್ತಾದದ್ದು ಕಳೆದ ಶನಿವಾರ. ಗೊತ್ತಾದ ಕ್ಷಣ ಕೈಕಾಲು ತಣ್ಣಗಾದವು. ಇದನ್ನು ಬರೆಯುವಾಗಲೂ ಪೂರ್ತಿ ಬೆಚ್ಚಗಾಗಿಲ್ಲ.

ಮೊದಲಿಂದ ಹೇಳುತ್ತೇನೆ. ನಮ್ಮ ಮಾವನವರು ಧಾರವಾಡದವರು, ಕೆಮಿಸ್ಟ್ರಿ ಮೇಷ್ಟ್ರಾಗಿ ರಿಟೈರ್ ಆದವರು. ಮೂರು ವರ್ಷದಿಂದ ಅಮೆರಿಕದ ಬ್ರಿಡ್ಜ್‌ವಾಟರ್‌ನಲ್ಲಿ ನಮ್ಮ ಜೊತೆಗಿದ್ದಾರೆ. (ನಾನು ಮೈಸೂರಿನವಳು. ಮದುವೆಯಾದ ಹೊಸದರಲ್ಲಿ ಅವರ ಮಾತು ಅರ್ಥವಾಗದೆ ಸುಮ್ಮನೆ ನಗುತ್ತಿದ್ದೆ.) ಇಲ್ಲಿಗೆ ಬಂದಮೇಲೆ ಅವರೊಂದು ಕೆಲಸ ಹಿಡಿದರು. ತಮ್ಮ ತಾಯಿ ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಬಾವಿಕಟ್ಟೆಯ ಮೇಲೆ ಆಡುತ್ತಿದ್ದ ಮಾತುಗಳನ್ನೆಲ್ಲ ನೆನಪು ಮಾಡಿಕೊಂಡು, ಒಂದೊಂದಕ್ಕೂ ಅರ್ಥ, ಅದನ್ನು ಆಡಿದ ಸಂದರ್ಭ ಬರೆಯುವುದು. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಾರೆ. ದಿನಕ್ಕೆ ನಾಲ್ಕೈದು ಪದ ಮುಗಿದರೆ ಅವರಿಗೆ ಅದೇ ಹಬ್ಬ.

ನಾನೋ, ಮಾರಿಸ್‌ಟೌನ್‌ನ ಆಫೀಸೊಂದರಲ್ಲಿ ಬ್ಯಾಕಪ್ ನೋಡಿಕೊಳ್ಳುವವಳು. ಅದೇ ನನ್ನ ಅನ್ನ. ಮನೆಯ ಹಿರಿಯರ ಕೆಲಸಕ್ಕೆ ಬ್ಯಾಕಪ್ ಇಲ್ಲದಿದ್ದರೆ ಮರ್ಯಾದೆ ಏನು? ಒಂದು ಭಾನುವಾರ ಕೂತು, ಅವರ ಲ್ಯಾಪ್‌ಟಾಪಿಗೆ ಕಪ್ಪು ಡಿಸ್ಕೊಂದನ್ನು ಸಿಕ್ಕಿಸಿ, ತಾನಾಗಿ ಕಾಪಿ ಮಾಡುವ ಪುಟ್ಟ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್ ಬರೆದೆ. ಇನ್‌ಕ್ರಿಮೆಂಟಲ್ ಬ್ಯಾಕಪ್. ಅಂದರೆ ಮೊದಲ ದಿನ ಇಡೀ ಮನೆ ತೊಳೆಯುವುದು, ಆಮೇಲೆ ದಿನಾ ಕಸ ಬಿದ್ದಲ್ಲಿ ಮಾತ್ರ ಗುಡಿಸುವುದು. ಅವತ್ತು ಹೊಸದಾಗಿ ಬರೆದದ್ದು, ಬದಲಾದದ್ದು ಅಷ್ಟೇ ಕಾಪಿಯಾಗುತ್ತದೆ. ಸಂಜೆ ಆರಕ್ಕೆ ತಾನಾಗಿಯೇ ನಡೆದು ನನ್ನ ಫೋನಿಗೆ ಮೇಲ್ ಬರುತ್ತದೆ: ಸಕ್ಸೆಸ್. 287ನೇ ಹೆದ್ದಾರಿಯ ಟ್ರಾಫಿಕ್‌ನಲ್ಲಿ ಕೂತಿರುವಾಗ ಅದು ಟಿಣ್ ಅಂದರೆ ನನಗೊಂದು ಸಮಾಧಾನ.

ಕಳೆದ ಶನಿವಾರ ಬೆಳಿಗ್ಗೆ ಹೊರಗೆ ಹಿಮ. ಮಾವ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು.

"ಮಾಲತಿ, ಇದು ಏಳವಲ್ದು ನೋಡವಾ."

ಆನ್ ಮಾಡಲು ಗೊತ್ತಿದ್ದ ಉಪಚಾರವನ್ನೆಲ್ಲ ಮಾಡಿದೆ, ಆಗಲಿಲ್ಲ. ಮಧ್ಯಾಹ್ನ ರಿಪೇರಿ ಅಂಗಡಿಗೆ ಒಯ್ದೆವು. ಅಲ್ಲಿಯವನು ಬಿಚ್ಚಿ ನೋಡಿ, ಒಳಗಿನ ಡ್ರೈವ್ ಸತ್ತಿದೆ, ಏನೂ ಬರುವುದಿಲ್ಲ ಅಂದ. ಮಾವ ಕಾರಿನಲ್ಲಿ ಮಫ್ಲರಿನ ತುದಿ ಹಿಡಿದುಕೊಂಡು ಕಿಟಕಿಯ ಆಚೆ ನೋಡುತ್ತಿದ್ದರು.

"ಚಿಂತೆ ಬಿಡಿ ಮಾವ. ನಿನ್ನೆ ಸಂಜೆವರೆಗೂ ಬ್ಯಾಕಪ್ ಇದೆ," ಅಂದೆ. ನನ್ನ ದನಿಯಲ್ಲಿ ಸ್ವಲ್ಪ ಜಂಭವೂ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಮನೆಗೆ ಬಂದು ಅವರ ಮೇಜಿನ ಹಿಂದೆ ಕೈ ಹಾಕಿದೆ. ಕೇಬಲ್ ಸಿಕ್ಕಿತು. ಎಳೆದೆ. ಅದರ ತುದಿಯಲ್ಲಿ ಏನೂ ಇರಲಿಲ್ಲ.

"ಮಾವ, ಇಲ್ಲಿದ್ದ ಕಪ್ಪು ಡಬ್ಬಿ ನೋಡಿದ್ರಾ?"

"ದೇವರ ಮನ್ಯಾಗ ಅದ ನೋಡು."

ನಮ್ಮ ದೇವರ ಮನೆ ಅಂದರೆ ಅಡುಗೆಮನೆ ಪಕ್ಕದ ಕ್ಲಾಸೆಟ್. ಅಲ್ಲಿ ಕೆಳಗಿನ ಮೆಟ್ಟಿಲ ಮೇಲೆ, ಗಂಟೆಯ ಪಕ್ಕದಲ್ಲಿ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು ನನ್ನ ಡಿಸ್ಕ್. ತಲೆಯ ಮೇಲೆ ಬಿಳಿ ಸೇವಂತಿಗೆ.

"ಇದು ಇಲ್ಲಿಗೆ ಹೆಂಗೆ ಬಂತು?"

"ಖಂಡೇನವಮಿಗೆ ನೀನ ಇಟ್ಟಿದ್ದಿಯಲ್ಲ. ಮರುದಿನ ನಿನ್ನ ಕಾರಿನ ಕೀಲಿ ತಗೊಂಡಿ, ಲ್ಯಾಪ್‌ಟಾಪ್ ತಗೊಂಡಿ, ಇದನ್ನ ಬಿಟ್ಟಿ. ಬ್ಯಾಕಪ್ ಅಂದ್ರ ಹಿಂಗ ಒಂದು ಕಡೆ ಜ್ವಾಕಿ ಮಾಡಿ ಇಡೂದು ಅಂತ ನಾ ತಿಳಕೊಂಡೆ. ದಿನಾ ಒಂದು ಹೂವಾ ಏರಿಸ್ತಿದ್ದೆ."

ನೆನಪಾಯಿತು. ಆಯುಧಪೂಜೆಯ ದಿನ, ನನ್ನ ಹೊಟ್ಟೆ ತುಂಬಿಸುವ ಆಯುಧ ಇದೇ ತಾನೇ ಅಂತ ಉತ್ಸಾಹದಿಂದ ಕಿತ್ತು ತಂದು ಪೂಜೆಗಿಟ್ಟವಳು ನಾನೇ. ಆಮೇಲೆ ಪ್ರತಿ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಅದರ ಮುಂದೆಯೇ ಕೈ ಮುಗಿದಿದ್ದೇನೆ. (ಒಂದು ಕೈಯಲ್ಲಿ ಕಾಫಿ ಮಗ್ ಇದ್ದರೆ ಮುಗಿದ ಹಾಗೆ ಮಾಡಿದ್ದೇನೆ.) ಒಂದು ದಿನವಾದರೂ ಕಣ್ಣಿಗೆ ಬೀಳಬಾರದೇ? ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ದೀಪದ ಬುಡದಲ್ಲಿ ಡಿಸ್ಕೇ ಇತ್ತು.

ಹಾಗಾದರೆ ದಿನಾ ಸಕ್ಸೆಸ್ ಅಂತ ಬರುತ್ತಿದ್ದದ್ದು ಏನು? ಸ್ಕ್ರಿಪ್ಟಿನ ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಂಡಾಗ ಗೊತ್ತಾಯಿತು. ಡಿಸ್ಕ್ ಇಲ್ಲದಿದ್ದಾಗ ಆ ಸ್ಕ್ರಿಪ್ಟ್ ಅದೇ ಹೆಸರಿನ ಫೋಲ್ಡರೊಂದನ್ನು ಲ್ಯಾಪ್‌ಟಾಪಿನ ಒಳಗೇ ಮಾಡಿಕೊಂಡು, ಅಲ್ಲಿಗೇ ಕಾಪಿ ಮಾಡುತ್ತಿತ್ತು. ಕಳ್ಳರ ಭಯಕ್ಕೆ ಒಡವೆಯನ್ನು ಅದೇ ಬೀರುವಿನ ಕೆಳಗಿನ ಅರೆಗೆ ಇಟ್ಟ ಹಾಗೆ. ಬರೆಯುವ ಮೊದಲು ಡಿಸ್ಕ್ ಇದೆಯೇ ಅಂತ ಕೇಳುವ ಒಂದು ಸಾಲು ಸಾಕಿತ್ತು. ಆಫೀಸಿನಲ್ಲಿ ಜೂನಿಯರ್‌ಗಳು ಈ ಸಾಲು ಮರೆತರೆ ನಾನು ಅರ್ಧ ಗಂಟೆ ಲೆಕ್ಚರ್ ಕೊಡುತ್ತೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಎಂಟನೇ ಕ್ಲಾಸಿನ ಮಗಳು ಅನಿಕಾ ಸೀರಿಯಲ್ ತಿನ್ನುತ್ತ ಎಲ್ಲ ಕೇಳಿಸಿಕೊಂಡಿದ್ದಳು.

"ಡಿಡ್ ಯು ಎವರ್ ಟ್ರೈ ರಿಸ್ಟೋರಿಂಗ್ ಇಟ್, ಅಮ್ಮ? ಲೈಕ್, ಒನ್ಸ್?"

ಇಲ್ಲ. ಒಂದು ಸಲವೂ ವಾಪಸ್ ತೆಗೆದು ನೋಡಿರಲಿಲ್ಲ. ಮೇಲ್ ಬರುತ್ತಿತ್ತಲ್ಲ?

ಡಿಸ್ಕ್ ಒರೆಸಿ ನನ್ನ ಲ್ಯಾಪ್‌ಟಾಪಿಗೆ ಹಾಕಿದೆ. ನವಮಿಯ ಹಿಂದಿನ ಸಂಜೆಯವರೆಗಿನದೆಲ್ಲ ಇತ್ತು. ಆಮೇಲಿನ ಐದು ತಿಂಗಳು ಇರಲಿಲ್ಲ. ಮಾವನ ಎದುರು ಕೂತು ಇದನ್ನು ಹೇಳಿದಾಗ ನನಗೆ ಅಳು ಬಂತು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎದ್ದುಹೋಗಿ ಅನಿಕಾಳ ಹಳೆಯ ನೋಟ್‌ಬುಕ್ ಒಂದನ್ನೂ ಪೆನ್ನನ್ನೂ ತಂದರು.

"ಅಳಬ್ಯಾಡ. ನೆನಪಿದ್ದಷ್ಟು ಮತ್ತ ಬರಿಯೋಣು."

ಗಂಗಾಳ, ಚರಗಿ, ಉಸಾಬರಿ ಅಂತ ಶುರುಮಾಡಿದರು. ಒಂದು ಪುಟ ತುಂಬಿತು. ಎರಡನೇ ಪುಟದ ಮಧ್ಯದಲ್ಲಿ ಪೆನ್ನು ನಿಂತಿತು.

"ಹಾಲು ಉಕ್ಕೂಕಿಂತ ಮೊದಲ ಅಂಚಿಗೆ ಬಂದು ನಿಲ್ತದಲ್ಲ, ಅದಕ್ಕ ನಮ್ಮವ್ವ ಒಂದು ಮಾತು ಅಂತಿದ್ದಳು. ನನಗ ಈಗ ಬರವಲ್ದು." ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ಮುಖ ಅರಳಿತ್ತು. "ನಿನಗ ನೆನಪಿರಬೇಕು. ದಿನಾ ಊಟಕ್ಕ ಕೂತಾಗ ಅವತ್ತಿನ ಶಬ್ದ ಎಲ್ಲಾ ನಿನಗ ಓದಿ ಹೇಳ್ತಿದ್ದೆನಲ್ಲ. ನೀ ಹೂಂ ಅಂತಿದ್ದಿ."

ಹೌದು. ಒಂದು ಕೈಯಲ್ಲಿ ಚಪಾತಿ, ಇನ್ನೊಂದರಲ್ಲಿ ಫೋನ್. ಐದು ತಿಂಗಳು, ಒಂದು ದಿನವೂ ತಪ್ಪದೆ, "ಹೂಂ ಮಾವ."

ಅವರು ಪೆನ್ನು ಹಿಡಿದು ಕಾಯುತ್ತಿದ್ದರು. ನನ್ನೊಳಗೆ ಒಂದು ಪದವೂ ಇರಲಿಲ್ಲ.

ದಿನಾ ಹೂಂ ಅಂತ ನಾನು ಅವರಿಗೆ ಕಳಿಸುತ್ತಿದ್ದದ್ದೂ ಬರೀ ಸಕ್ಸೆಸ್ ಅನ್ನುವ ಮೇಲ್ ಅಲ್ಲವೇ?